ಒಂದು ಊಸರವಳ್ಳಿ ಸಾಕಬಹುದು, ನಲವತ್ತು ಮರಿ ಏನು ಮಾಡ್ತೀರಿ?

ಹುಬ್ಬಳ್ಳಿಯ ಪೆಟ್ ಅಂಗಡಿಗೆ ಹೋದವರು ಮೊದಲೆಲ್ಲ ಲವ್ ಬರ್ಡ್ಸ್, ಬಣ್ಣದ ಮೀನು, ಬಹಳ ಆದರೆ ಒಂದು ಪಾಮರೇನಿಯನ್ ಮರಿ ಕೇಳುತ್ತಿದ್ದರು. ಈಗ ಇಗ್ವಾನಾ ಕೇಳುತ್ತಾರೆ, ಬಾಲ್ ಪೈಥಾನ್ ಕೇಳುತ್ತಾರೆ. ಊಸರವಳ್ಳಿಯೂ ಆ ಸಾಲಿಗೆ ಬಂದು ಕೂತಿದೆ. ರೀಲ್ಸ್‌ನಲ್ಲಿ ಅದು ಚೆಂದ ಕಾಣುತ್ತದೆ ನಿಜ. ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ. ನಾಲಿಗೆ ಚಾಚಿದ್ದು ಕಾಣುವುದರೊಳಗೆ ಹುಳ ಮಾಯ.

ಜನ ಕೇಳುವುದು ಎರಡೇ ಪ್ರಶ್ನೆ. "ಇದನ್ನ ಮನ್ಯಾಗ ಸಾಕಬಹುದೇನ್ರಿ?" ಆಮೇಲೆ, ಸ್ವಲ್ಪ ದನಿ ತಗ್ಗಿಸಿ, "ಜೋಡಿ ತಂದ್ರ ಮರಿ ಮಾಡಿಸಿ ಮಾರಬಹುದೇನ್ರಿ?" ಮೊದಲ ಪ್ರಶ್ನೆಗೆ ಉತ್ತರ, ಆ ಪ್ರಾಣಿ ಎಲ್ಲಿಂದ ಬಂತು ಅನ್ನುವುದರ ಮೇಲಿದೆ. ಎರಡನೆಯದಕ್ಕೆ ನನ್ನ ಉತ್ತರ ಬೇಡ ಅಂತಲೇ. ಅದಕ್ಕೆ ಕಾರಣ ಕಾನೂನಿಗಿಂತ ಜಾಸ್ತಿ ಮೊಟ್ಟೆಯ ಲೆಕ್ಕದಲ್ಲಿದೆ.

ಮೊದಲು ನಮ್ಮ ಊರಿನದೇ ಊಸರವಳ್ಳಿಯ ವಿಷಯ ಮುಗಿಸೋಣ. ಕಾಂಪೌಂಡ್ ಮೇಲೆ ಕೂತು ತಲೆ ಆಡಿಸುವ, ಕತ್ತು ಕೆಂಪಾಗುವ ಓತಿಕ್ಯಾತ ಬೇರೆ. ಅದು ಓಡುತ್ತದೆ. ಊಸರವಳ್ಳಿ ಓಡುವುದಿಲ್ಲ. ಧಾರವಾಡದ ಹೊರಗಿನ ಹೊಲದ ಬೇಲಿ, ಗದಗ ಕಡೆಯ ಕುರುಚಲು ಗುಡ್ಡ, ಹಾವೇರಿಯ ಜಾಲಿ ಗಿಡಗಳಲ್ಲಿ ಅದು ಇರುತ್ತದೆ. ಆದರೆ ಕಣ್ಣಿಗೆ ಬೀಳುವುದು ಅಪರೂಪ. ಕಂಡರೆ ಎರಡು ನಿಮಿಷ ನಿಂತು ನೋಡಿ. ಕಾಲು ಎತ್ತುತ್ತದೆ, ಗಾಳಿಯಲ್ಲೇ ಹಿಡಿದು ಹಿಂದೆ ಮುಂದೆ ತೂಗುತ್ತದೆ, ಆಮೇಲೆ ಇಡುತ್ತದೆ. ಬೆರಳುಗಳು ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ ಕೂಡಿಕೊಂಡು ಇಕ್ಕಳದ ಹಾಗೆ ಕಡ್ಡಿ ಕಚ್ಚುತ್ತವೆ. ಬಾಲ ಕೂಡ ಕಡ್ಡಿಗೆ ಸುತ್ತಿರುತ್ತದೆ. ಇಷ್ಟು ನಿಧಾನದ ಪ್ರಾಣಿ ಡಾಂಬರು ರಸ್ತೆ ದಾಟಲು ಹೊರಟರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಅದು ವಿಷದ ಪ್ರಾಣಿ ಅಂದುಕೊಂಡು ಕಲ್ಲು ಎಸೆಯುವವರೂ ಇದ್ದಾರೆ. ಅದಕ್ಕೆ ವಿಷ ಇಲ್ಲ. ಹೆದರಿದಾಗ ಬಾಯಿ ತೆಗೆದು ಬುಸ್ ಅನ್ನುತ್ತದೆ, ಅಷ್ಟೇ.

ಈ ಭಾರತೀಯ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿದೆ. ಹಿಡಿಯುವುದು, ಸಾಕುವುದು, ಮಾರುವುದು ಮೂರೂ ಅಪರಾಧ. ಆ ಕಾಯ್ದೆಯಲ್ಲಿ ಜೀವಂತ ಹಿಡಿಯುವುದು ಕೂಡ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ನಂತರ ಸಾಮಾನ್ಯ ಉಲ್ಲಂಘನೆಗೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಮೊದಲ ಅನುಸೂಚಿಯ ಪ್ರಾಣಿಯಾದರೆ ಜೈಲು ಕನಿಷ್ಠ 3 ವರ್ಷ, 7ರವರೆಗೂ ಹೋಗಬಹುದು. "ನಮ್ಮ ಹೊಲದಾಗ ಸಿಕ್ಕದ್ದು, ನಾವು ತಂದಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹೊಲ ನಿಮ್ಮದು, ಊಸರವಳ್ಳಿ ಸರ್ಕಾರದ್ದು.

ಮಾರುವವರು ಇದಕ್ಕೆ ಒಂದು ದಾರಿ ಹುಡುಕಿಕೊಂಡಿದ್ದಾರೆ. "ಇದು ಫಾರಿನ್ ಐತ್ರಿ ಅಣ್ಣಾರ, ಕೇಸು ಗೀಸು ಏನೂ ಆಗೂದಿಲ್ಲ." ಅವರು ಹೇಳುವ ಫಾರಿನ್ ಬಹುಮಟ್ಟಿಗೆ ವೇಲ್ಡ್ ಕೆಮೀಲಿಯನ್. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ್ದು. ಬೆಳೆದ ಗಂಡಿಗೆ ತಲೆಯ ಮೇಲೆ ಎತ್ತರದ ಶಿಖೆ ಇರುತ್ತದೆ, ನಮ್ಮ ಕಡೆಯ ಅಜ್ಜ ಗಾಂಧಿ ಟೋಪಿ ಇಟ್ಟಂತೆ. ನಮ್ಮ ಊಸರವಳ್ಳಿಗೆ ಆ ಶಿಖೆ ಇಷ್ಟು ಎತ್ತರಕ್ಕೆ ಏಳುವುದಿಲ್ಲ. ಬೆಳೆದ ಎರಡನ್ನು ಪಕ್ಕದಲ್ಲಿಟ್ಟರೆ ಮಕ್ಕಳೂ ಗುರುತಿಸಬಹುದು. ಆದರೆ ಮಾರಾಟಕ್ಕೆ ಬರುವುದು ಮರಿಗಳು. ಮರಿಯಲ್ಲಿ ಶಿಖೆ ಇನ್ನೂ ಎದ್ದಿರುವುದಿಲ್ಲ, ಎರಡೂ ಹಸಿರು. ವಾಟ್ಸ್ಆ್ಯಪ್ ಫೋಟೊ ನೋಡಿ ಇದು ಯೆಮೆನ್, ಇದು ಅಣ್ಣಿಗೇರಿ ಅಂತ ಹೇಳಲು ಹೋಗಬೇಡಿ. ಕಾಗದ ಕೇಳಿ.

ಕಾಗದ ಅಂದರೆ ಯಾವುದು? ಊಸರವಳ್ಳಿ ಕುಟುಂಬದ ಬಹುತೇಕ ಎಲ್ಲ ಜಾತಿಗಳೂ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. ಭಾರತ 1976ರಿಂದ ಅದರ ಸದಸ್ಯ. ಆದರೆ ತುಂಬಾ ವರ್ಷ ನಮ್ಮ ದೇಶದ ಒಳಗೆ ಅದಕ್ಕೆ ಹಲ್ಲಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಸ್ಟಮ್ಸ್ ಕೇಸು. ಹೊರಗೆ ದಾಟಿ ಬಂದರೆ ಕೇಳುವವರಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅವಕಾಶ ಕೊಟ್ಟಿತು. ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಆರು ತಿಂಗಳೊಳಗೆ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದಿತು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯನ್ನು ನೇರವಾಗಿ ಕಾಯ್ದೆಯ ನಾಲ್ಕನೇ ಅನುಸೂಚಿಗೆ ತಂದು ಕೂರಿಸಿತು. 2024ರ ಫೆಬ್ರವರಿ 28ರಂದು ನೋಂದಣಿ ನಿಯಮ ಬಂತು. ಮೊದಲೇ ಇಟ್ಟುಕೊಂಡವರಿಗೆ ಆರು ತಿಂಗಳು ಕೊಟ್ಟಿತ್ತು, ಆ ಗಡುವು 2024ರಲ್ಲೇ ಮುಗಿಯಿತು. ಆಮೇಲೆ ಪಡೆದವರಿಗೆ 30 ದಿನ. ಅಷ್ಟರೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ಪ್ರಾಣಿಯ ವಿವರ ದಾಖಲಿಸಬೇಕು. ಹುಟ್ಟಿದರೆ ಹೇಳಬೇಕು, ಸತ್ತರೆ ಹೇಳಬೇಕು, ಇನ್ನೊಬ್ಬರಿಗೆ ಕೊಟ್ಟರೆ ಹೇಳಬೇಕು.

ಹಾಗಾಗಿ ಫಾರಿನ್ ಆದರೆ ಕೇಸಿಲ್ಲ ಅನ್ನುವ ಮಾತು ಹಳೆಯದಾಯಿತು. ಮಾರುವವನ ಹೆಸರಿನಲ್ಲಿ ಆ ಪ್ರಾಣಿಯ ನೋಂದಣಿ ಇರಬೇಕು. ಇಲ್ಲ ಅಂದರೆ ಅದು ಒಂದೋ ನಮ್ಮ ಬೇಲಿಯಿಂದ ಹಿಡಿದದ್ದು, ಇಲ್ಲವೋ ಸೂಟ್‌ಕೇಸಿನಲ್ಲಿ ಬಂದದ್ದು, ಇಲ್ಲವೋ ನಿಯಮ ತಪ್ಪಿಸಿ ಮರಿ ಮಾಡಿಸಿದ್ದು. ಸೂಟ್‌ಕೇಸ್ ಅನ್ನುವುದು ತಮಾಷೆಯ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನೊಳಗೆ 234 ವನ್ಯಜೀವಿಗಳು ಸಿಕ್ಕವು. ಹೆಬ್ಬಾವು, ಇಗ್ವಾನಾ, ಆಮೆ, ಊಸರವಳ್ಳಿ, ಜೊತೆಗೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ.

ಸರಿ, ಕಾಗದ ಎಲ್ಲ ಇರುವ ಒಂದು ಊಸರವಳ್ಳಿ ಮನೆಗೆ ಬಂತು ಅಂದುಕೊಳ್ಳಿ. ಪಂಜರದ ವಿಷಯ ಸರಳ. ಅಗಲಕ್ಕಿಂತ ಎತ್ತರ ಜಾಸ್ತಿ ಇರಬೇಕು, ಗಾಜಿನ ಪೆಟ್ಟಿಗೆಗಿಂತ ಜಾಲರಿಯದು ಮೇಲು, ಒಳಗೆ ದಾಸವಾಳದಂಥ ನಿಜವಾದ ಗಿಡ ಇರಬೇಕು. ಒಂದು ಪಂಜರಕ್ಕೆ ಒಂದೇ ಪ್ರಾಣಿ. "ಪಾಪ, ಒಂಟಿ ಆಗ್ತದ" ಅಂತ ಜೋಡಿ ಹಾಕುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ. ಊಸರವಳ್ಳಿಗೆ ಇನ್ನೊಂದು ಊಸರವಳ್ಳಿ ಕಣ್ಣಿಗೆ ಬೀಳುವುದೇ ಕಿರಿಕಿರಿ. ಕೈಯಲ್ಲಿ ಹಿಡಿದು ಮುದ್ದು ಮಾಡುವುದೂ ಅಷ್ಟೇ.

ಕಷ್ಟ ಇರುವುದು ಬಿಸಿ, ನೀರು, ಬೆಳಕು ಈ ಮೂರರಲ್ಲಿ. ಯುಟ್ಯೂಬಿನಲ್ಲಿ ಸಿಗುವ ಸಲಹೆ ಬಹುತೇಕ ಚಳಿ ದೇಶದವರದ್ದು. ಪಂಜರ ಬೆಚ್ಚಗಿಡುವುದು ಹೇಗೆ ಅಂತ ಅವರು ಗಂಟೆಗಟ್ಟಲೆ ಹೇಳುತ್ತಾರೆ. ಹುಬ್ಬಳ್ಳಿಯ ಸಮಸ್ಯೆ ಉಲ್ಟಾ. ಬೆಳೆದ ಯೆಮೆನ್ ಊಸರವಳ್ಳಿಗೆ ಬಿಸಿಲು ಕಾಯುವ ಜಾಗದಲ್ಲಿ 29ರಿಂದ 32 ಡಿಗ್ರಿ ಸಾಕು. ಉಳಿದ ಕಡೆ ಅದಕ್ಕಿಂತ ತಂಪಿರಬೇಕು, ಯಾಕೆಂದರೆ ಬಿಸಿಯಾದಾಗ ಸರಿದು ಹೋಗಲು ಜಾಗ ಬೇಕು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೊರಗೆ 37 ಇರುತ್ತದೆ. ಆರ್‌ಸಿಸಿ ಛಾವಣಿಯ ಮೇಲಿನ ರೂಮಿನಲ್ಲಿ ಸಂಜೆಯಾದರೂ ಕಾವು ಇಳಿಯುವುದಿಲ್ಲ. ಅಲ್ಲಿ ಪಂಜರದ ಯಾವ ಮೂಲೆಗೆ ಹೋದರೂ ಒಂದೇ ಬಿಸಿ. ಧಾರವಾಡದ ಹಳೆಯ ಮಣ್ಣಿನ ಗೋಡೆಯ ಮನೆಯಲ್ಲಿ ಈ ತಾಪತ್ರಯ ಕಡಿಮೆ. ಚಳಿಗಾಲದ 14, 15 ಡಿಗ್ರಿ ರಾತ್ರಿಗೆ ಮಾತ್ರ ಹೆದರಬೇಕಿಲ್ಲ, ಬೆಳಿಗ್ಗೆ ಕಾಯಲು ಬಿಸಿಲು ಸಿಕ್ಕರೆ ಆಯಿತು.

ನೀರನ್ನು ಊಸರವಳ್ಳಿ ಬಟ್ಟಲಿನಿಂದ ಕುಡಿಯುವುದು ಕಡಿಮೆ. ಎಲೆಯ ಮೇಲೆ ನಿಂತ ಹನಿ ನೆಕ್ಕುತ್ತದೆ. ದಿನಕ್ಕೆ ಎರಡು ಸಲ ಆದರೂ ಎಲೆ ತೋಯುವ ಹಾಗೆ ಸ್ಪ್ರೇ ಮಾಡಬೇಕು, ಇಲ್ಲ ಹನಿ ಹನಿ ಬೀಳುವ ವ್ಯವಸ್ಥೆ ಬೇಕು. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನ ಆ ಹನಿ ಬೇಗ ಆರಿಹೋಗುತ್ತದೆ. ಕಣ್ಣಿನ ಗುಡ್ಡೆ ಒಳಗೆ ಸೇರಿದಂತೆ ಕಂಡರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ. ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಸ್ಪ್ರೇ ನಳಿಕೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಜುಲೈ, ಆಗಸ್ಟ್ ಬಂದರೆ ಇನ್ನೊಂದು ಕಥೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಅಲ್ವಾ? ಪಂಜರವೂ ಒಣಗುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಪ್ರಾಣಿಗೆ ಉಸಿರಾಟದ ಸೋಂಕು ಬರುತ್ತದೆ. ಆಗ ಸ್ಪ್ರೇ ತಗ್ಗಿಸಬೇಕು, ಗಾಳಿ ಆಡಿಸಬೇಕು.

ಬೆಳಕಿನ ವಿಷಯದಲ್ಲಿ ನಮಗೆ ಒಂದು ಲಾಭ ಇದೆ. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಇಲ್ಲದೆ ಊಸರವಳ್ಳಿಯ ದೇಹದಲ್ಲಿ ವಿಟಮಿನ್ ಡಿ3 ಸಾಕಷ್ಟು ಆಗುವುದಿಲ್ಲ. ಡಿ3 ಇಲ್ಲದೆ ಕ್ಯಾಲ್ಸಿಯಂ ಮೂಳೆಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ, ದವಡೆ ಮೃದುವಾಗುತ್ತದೆ, ಕೊನೆಗೆ ಕಡ್ಡಿ ಹಿಡಿಯುವುದಕ್ಕೂ ಆಗುವುದಿಲ್ಲ. ಮನೆಯಲ್ಲಿ ಸಾಕಿದ ಊಸರವಳ್ಳಿಗಳನ್ನು ಕಾಡುವ ದೊಡ್ಡ ಕಾಯಿಲೆ ಇದೇ. ಕಿಟಕಿ ಗಾಜಿನ ಹಿಂದೆ ಪಂಜರ ಇಟ್ಟು ಬಿಸಿಲು ಬೀಳುತ್ತಿದೆ ಅಂದುಕೊಂಡರೆ ಪ್ರಯೋಜನ ಇಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಟ್ಯೂಬು ತಂದರೂ 6ರಿಂದ 12 ತಿಂಗಳಲ್ಲಿ ಬದಲಿಸಬೇಕು. ಬೆಳಕು ಕಾಣುತ್ತಲೇ ಇರುತ್ತದೆ, ಯುವಿಬಿ ಮಾತ್ರ ಇಳಿದಿರುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ಬಿಸಿಲು ಪುಕ್ಕಟೆ ಸಿಗುತ್ತದೆ. ಅರ್ಧ ನೆರಳಿರುವ ಜಾಲರಿ ಪಂಜರವನ್ನು ಬಾಲ್ಕನಿಯಲ್ಲಿಟ್ಟರೆ ಅದಕ್ಕಿಂತ ಒಳ್ಳೆಯ ಟ್ಯೂಬು ಇಲ್ಲ. ಬೆಕ್ಕು, ಕಾಗೆ ಕಾಯಬೇಕು ಅಷ್ಟೇ.

ಊಟದ ವಿಷಯ ಮಾತ್ರ ಹಳ್ಳಿಯಿಂದ ಬಂದವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹೊಲದಲ್ಲಿ ಮಿಡತೆಗೇನು ಬರ ಅನ್ನುತ್ತಾರೆ. ಬರ ಇಲ್ಲ, ಆದರೆ ಬ್ಯಾಡಗಿಯ ಮೆಣಸಿನಕಾಯಿ ಹೊಲ, ಕುಂದಗೋಳದ ಹತ್ತಿ ಹೊಲ ಕೀಟನಾಶಕದ ಎಣ್ಣೆ ಹೊಡೆಸಿಕೊಳ್ಳದೆ ಇರುತ್ತವೆಯೇ? ಆ ಎಣ್ಣೆ ಮಿಡತೆಯ ಮೈಯಲ್ಲಿ, ಮಿಡತೆ ಊಸರವಳ್ಳಿಯ ಹೊಟ್ಟೆಯಲ್ಲಿ. ಹಾಗಾಗಿ ಹುಳವನ್ನೂ ಮನೆಯಲ್ಲೇ ಸಾಕಬೇಕು. ಮೊಟ್ಟೆ ಟ್ರೇ ತುಂಬಿದ ಡಬ್ಬಿಯಲ್ಲಿ ರಾತ್ರಿ ಕಿರಗುಟ್ಟುವ ಚಿಮ್ಮಂಡೆ ಸಾಕಿ, ಅವಕ್ಕೆ ಗಜ್ಜರಿ, ನುಗ್ಗೆ ಸೊಪ್ಪು ತಿನ್ನಿಸಿ, ಮೈಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಒಂದು ಪ್ರಾಣಿ ತಂದೆವು ಅಂದುಕೊಂಡಿರುತ್ತೀರಿ, ನೂರಾರು ತಂದಿರುತ್ತೀರಿ. ರಾತ್ರಿಯ ಆ ಗದ್ದಲಕ್ಕೆ ಮನೆಯ ಹಿರಿಯರು ಏನನ್ನುತ್ತಾರೆ ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬಣ್ಣದ ಬಗ್ಗೆ ಒಂದು ಮಾತು, ಯಾಕೆಂದರೆ ಮರಿ ಮಾಡಿಸುವ ವಿಷಯಕ್ಕೆ ಅದು ಬೇಕಾಗುತ್ತದೆ. ಕೂತ ಜಾಗದ ಬಣ್ಣವನ್ನೇ ಊಸರವಳ್ಳಿ ನಕಲು ಮಾಡುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ. ಅದು ಮುಖ್ಯವಾಗಿ ತನ್ನ ಮನಸ್ಥಿತಿ, ಮೈಬಿಸಿ, ಜಗಳ, ಬೆದೆ ಇವನ್ನು ಬಣ್ಣದಲ್ಲಿ ಹೇಳುತ್ತದೆ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರ್‌ನ ಪ್ಯಾಂಥರ್ ಊಸರವಳ್ಳಿಯ ಚರ್ಮ ನೋಡಿ ಕಾರಣ ಹೇಳಿದರು. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳಿವೆ. ಶಾಂತವಾಗಿದ್ದಾಗ ಅವು ಒತ್ತೊತ್ತಾಗಿರುತ್ತವೆ, ನೀಲಿ ಬೆಳಕು ಹಿಂದೆ ಬರುತ್ತದೆ. ಮೇಲಿನ ಹಳದಿ ಸೇರಿ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗುತ್ತದೆ, ಹಳದಿ ಕೆಂಪು ಬರುತ್ತದೆ. ಸಾಕುವವರಿಗೆ ಇದರಿಂದ ಲಾಭ ಉಂಟು. ಬೆಳಿಗ್ಗೆ ಮೈ ಕಪ್ಪಾಗಿದ್ದರೆ ಬಿಸಿಲು ಹೀರುತ್ತಿದೆ. ಇಡೀ ದಿನ ಕಪ್ಪಾಗಿದ್ದು ಹಗಲಲ್ಲೇ ಕಣ್ಣು ಮುಚ್ಚಿದ್ದರೆ ಆರೋಗ್ಯ ಕೆಟ್ಟಿದೆ.

ಈಗ ಮರಿಯ ವಿಷಯ.

ಯೆಮೆನ್ ಜಾತಿಯ ಹೆಣ್ಣು 4ರಿಂದ 6 ತಿಂಗಳಲ್ಲೇ ಪ್ರಾಯಕ್ಕೆ ಬರಬಹುದು. ಆದರೆ ಆಗ ಅದರ ಮೈ ಮೊಟ್ಟೆಗೆ ತಯಾರಿರುವುದಿಲ್ಲ, ಒಂದು ವರ್ಷ ಆದರೂ ಕಾಯಬೇಕು. ಗಂಡಿನ ಜೊತೆ ಕೂಡಿದ ಮೇಲೆ ಹೆಣ್ಣಿನ ಬಣ್ಣ ಬದಲಾಗುತ್ತದೆ. ಕಡು ಹಸಿರು, ಹೆಚ್ಚುಕಡಿಮೆ ಕಪ್ಪು, ಅದರ ಮೇಲೆ ಹಳದಿ ನೀಲಿ ಚುಕ್ಕೆ. ಇನ್ನು ಹತ್ತಿರ ಬರಬೇಡ ಅಂತ ಗಂಡಿಗೆ ಹೇಳುವ ರೀತಿ ಅದು. ಆಗಲೂ ಗಂಡನ್ನು ಅಲ್ಲೇ ಬಿಟ್ಟರೆ ಕಚ್ಚಾಟ ಆಗುತ್ತದೆ.

ಮೂರು ನಾಲ್ಕು ವಾರದ ನಂತರ ಹೆಣ್ಣು ಊಟ ಬಿಡುತ್ತದೆ. ಸದಾ ಮೇಲೆ ಕೂರುವ ಪ್ರಾಣಿ ಪಂಜರದ ತಳದಲ್ಲಿ ಓಡಾಡುತ್ತದೆ, ಮೂಲೆ ಕೆರೆಯುತ್ತದೆ. ಅಷ್ಟರಲ್ಲಿ ಒಂದು ಅಡಿ ಆಳದ ಹಸಿ ಉಸುಕಿನ ತೊಟ್ಟಿ ಒಳಗೆ ಇಟ್ಟಿರಬೇಕು. ಉಸುಕು ಮುಷ್ಟಿಯಲ್ಲಿ ಹಿಡಿದರೆ ಮುದ್ದೆ ಕಟ್ಟಬೇಕು, ಹಿಂಡಿದರೆ ನೀರು ಬರಬಾರದು. ತೀರಾ ಒಣಗಿದ್ದರೆ ಅದು ತೋಡಿದ ಸುರಂಗ ಕುಸಿಯುತ್ತದೆ. ಮುಂಗಾಲಿನಿಂದ ತೋಡಿ ತೋಡಿ ಪೂರ್ತಿ ಒಳಗೆ ಹೋಗುತ್ತದೆ. ಅಲ್ಲೇ ತಿರುಗಿ ಮುಖ ಹೊರಗೆ ಮಾಡಿ ಮೊಟ್ಟೆ ಇಡುತ್ತದೆ. ಆಮೇಲೆ ಮಣ್ಣು ಎಳೆದು ಮುಚ್ಚಿ, ಕಾಲಿನಿಂದ ತಟ್ಟಿ ಗಟ್ಟಿ ಮಾಡುತ್ತದೆ. ಒಂದು ದಿನ ಪೂರ್ತಿ ಹಿಡಿಯಬಹುದು. ನಡುವೆ ಯಾರಾದರೂ ಇಣುಕಿದ್ದು ಕಂಡರೆ ಕೆಲಸ ಬಿಟ್ಟು ಹೊರಬರುತ್ತದೆ, ಮೊಟ್ಟೆ ಹೊಟ್ಟೆಯಲ್ಲೇ ಉಳಿಯುತ್ತದೆ. ಮೊಟ್ಟೆ ಕಟ್ಟಿಕೊಂಡ ಹೆಣ್ಣು ಬದುಕುವುದು ಕಷ್ಟ. ಆಗ ಇಂಜೆಕ್ಷನ್ ಬೇಕು, ಕೆಲವೊಮ್ಮೆ ಆಪರೇಷನ್ ಬೇಕು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಎಮ್ಮೆ, ಕುರಿ, ನಾಯಿ ನೋಡುವ ಒಳ್ಳೆಯ ಡಾಕ್ಟರು ಊರೂರಿಗೆ ಇದ್ದಾರೆ. ಊಸರವಳ್ಳಿಯ ಹೊಟ್ಟೆ ಕೊಯ್ದು ಅಭ್ಯಾಸ ಇರುವವರು ಎಲ್ಲಿದ್ದಾರೆ ಅಂತ ಆ ರಾತ್ರಿ ಹುಡುಕಲು ಹೋಗಬೇಡಿ, ಹೆಣ್ಣು ತರುವ ಮೊದಲೇ ಹುಡುಕಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಂಡೇ ಇಲ್ಲದಿದ್ದರೂ ಈ ಹೆಣ್ಣು ಮೊಟ್ಟೆ ಇಡುತ್ತದೆ. ಒಂದು ಸಲ ಕೂಡಿದರೆ ವೀರ್ಯ ಕೂಡಿಟ್ಟುಕೊಂಡು ಮೂರು ನಾಲ್ಕು ತಿಂಗಳ ನಂತರ ಇನ್ನೊಂದು ಸಲ ಇಡುತ್ತದೆ. ಜಾಸ್ತಿ ತಿನ್ನಿಸಿದಷ್ಟೂ ಮೊಟ್ಟೆ ಜಾಸ್ತಿ, ಹೆಣ್ಣಿನ ಆಯಸ್ಸು ಕಡಿಮೆ. ಅದಕ್ಕೇ ಚೆನ್ನಾಗಿ ನೋಡಿಕೊಂಡರೂ ಹೆಣ್ಣು ನಾಲ್ಕೈದು ವರ್ಷ ಬದುಕಿದರೆ ಗಂಡು ಆರರಿಂದ ಎಂಟು ವರ್ಷ ಬದುಕುತ್ತದೆ.

ಮೊಟ್ಟೆ ಎಷ್ಟು? 30ರಿಂದ 60 ಸಾಮಾನ್ಯ. ಅವನ್ನು ಒಂದೊಂದಾಗಿ ತೆಗೆದು, ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಮಗುಚದ ಹಾಗೆ ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಹರಳು) ತುಂಬಿದ ಡಬ್ಬಿಯಲ್ಲಿಡಬೇಕು. ಬಿಸಿ 25ರಿಂದ 28 ಡಿಗ್ರಿ. ಅವಧಿ 6ರಿಂದ 9 ತಿಂಗಳು. ಈ ಎರಡು ಅಂಕಿಗಳನ್ನು ಹುಬ್ಬಳ್ಳಿಯ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ದೀಪಾವಳಿ ಹೊತ್ತಿಗೆ ಇಟ್ಟ ಮೊಟ್ಟೆ ಪೂರ್ತಿ ಬೇಸಿಗೆಯನ್ನು ಡಬ್ಬಿಯಲ್ಲೇ ಕಳೆಯಬೇಕು. ಯುಗಾದಿ ಕಳೆದ ಮೇಲೆ ಯಾವ ರೂಮಿನಲ್ಲಿ 28 ಡಿಗ್ರಿ ಇರುತ್ತದೆ? ಎಸಿ ಇದ್ದರೂ ಮಧ್ಯಾಹ್ನ ಕರೆಂಟು ಹೋದರೆ ಏನು ಮಾಡುವುದು? ಆರು ತಿಂಗಳು ಕಾಯ್ದದ್ದು ಕೆಲವೇ ದಿನದ ಕಾವಿಗೆ ಹಾಳಾಗಬಹುದು.

ಹಾಳಾಗದೆ ಉಳಿದರೆ ಕಷ್ಟ ಇನ್ನೂ ಜಾಸ್ತಿ. 40 ಮರಿ ಒಡೆದು ಬಂದವು ಅನ್ನೋಣ. ಒಂದು ಮರಿಗೆ ದಿನಕ್ಕೆ ಹತ್ತು ಸಣ್ಣ ಹುಳ ಅಂದರೂ ದಿನಕ್ಕೆ 400. ಬಾಳೆಹಣ್ಣು ಕೊಳೆಸಿ ಬಾಟಲಿಯಲ್ಲಿ ನುಸಿ ಬೆಳೆಸಬೇಕು. ಕೆಲವು ವಾರದಲ್ಲೇ ಒಂದರ ಬಾಲ ಇನ್ನೊಂದು ಕಚ್ಚಲು ಶುರು ಮಾಡುತ್ತದೆ. ಬೇರೆ ಬೇರೆ ಪಂಜರ, ಒಂದೊಂದಕ್ಕೂ ಬೆಳಕು, ಒಂದೊಂದಕ್ಕೂ ಸ್ಪ್ರೇ. ಪ್ರತಿ ಮರಿಯ ಹುಟ್ಟನ್ನೂ ಪೋರ್ಟಲಿನಲ್ಲಿ ದಾಖಲಿಸಬೇಕು. ಕೊಳ್ಳುವವನೂ ನೋಂದಣಿ ಮಾಡಿಸಬೇಕು.

ಅಷ್ಟೆಲ್ಲ ಮಾಡಿ ಕಾಗದದ ಸಮೇತ ಕೊಳ್ಳುವ 40 ಜನ ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸೇರಿ ಸಿಗುತ್ತಾರೆಯೇ? ನನಗೆ ನಂಬಿಕೆ ಇಲ್ಲ. ಉಳಿದ ಮರಿಗಳು ಕಾಗದ ಇಲ್ಲದೆ ಕಡಿಮೆ ರೇಟಿಗೆ ಕೈ ಬದಲಾಗುತ್ತವೆ. ಇಲ್ಲ ಅಂದರೆ ಕಾಗದ ಒಂದು ಕಡೆ, ಮರಿ ಇನ್ನೊಂದು ಕಡೆ ಆಗುತ್ತದೆ. ಮೂರು ಮರಿ ಸತ್ತದ್ದನ್ನು ಹೇಳದೆ, ಆ ಮೂರರ ನೋಂದಣಿಗೆ ಬೇಲಿಯಿಂದ ಹಿಡಿದ ಮೂರನ್ನು ಕೂರಿಸಿದರೆ ಫೋಟೊ ನೋಡಿ ಕಂಡುಹಿಡಿಯುವವರು ಯಾರು? ಮರಿಗಳಲ್ಲಿ ಎರಡೂ ಒಂದೇ ತರ ಕಾಣುತ್ತವೆ ಅಂತ ಆಗಲೇ ಹೇಳಿದೆನಲ್ಲ. ಮನೆಯಲ್ಲಿ ಮರಿ ಮಾಡಿಸಿದರೆ ಕಾಡಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಅನ್ನುವ ವಾದ ಇದೆ. ಬೇರೆ ದೇಶದ ಕೆಲವು ಜಾತಿಗಳ ಮಟ್ಟಿಗೆ ಅದು ನಿಜ ಇರಬಹುದು. ಹೊರಗಿನ ಜಾತಿಯ ಮರಿ, ಊರಿನ ಜಾತಿಯ ಮರಿ ಹೀಗೆ ಒಂದೇ ತರ ಕಾಣುವ ನಮ್ಮಲ್ಲಿ ಅದು ಉಲ್ಟಾ ಹೊಡೆಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಸಾಕಾಗಿ ಹೊರಗೆ ಬಿಟ್ಟವರಿಂದ ಏನಾಗುತ್ತದೆ ಅನ್ನುವುದಕ್ಕೆ ಹವಾಯಿ ದ್ವೀಪ ನೋಡಬೇಕು. 1972ರಲ್ಲಿ ಅಲ್ಲಿನ ಒಬ್ಬ ಪೆಟ್ ಅಂಗಡಿಯವ ಪೂರ್ವ ಆಫ್ರಿಕಾದ ಮೂರು ಕೊಂಬಿನ ಜಾಕ್ಸನ್ ಊಸರವಳ್ಳಿಗಳನ್ನು ತರಿಸಿದ. ಅವು ತೋಟಕ್ಕೆ ಸೇರಿ ಅಲ್ಲೇ ಬೀಡುಬಿಟ್ಟವು. ಯೆಮೆನ್ ಜಾತಿಯೂ ಅಲ್ಲಿನ ಮಾವಿ ದ್ವೀಪದಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ನೆಲೆಯೂರಿದೆ. ಒಣ ಕುರುಚಲು ಅದಕ್ಕೆ ಹೊಸದಲ್ಲ. ಗದಗ ಸುತ್ತಿನ ಗುಡ್ಡ ಅದಕ್ಕೆ ಒಗ್ಗದು ಅಂತ ಧೈರ್ಯವಾಗಿ ಹೇಳಲು ನನ್ನಿಂದಾಗದು.

ಇಷ್ಟಾದರೂ ಸಾಕಲೇಬೇಕು ಅನ್ನುವವರಿಗೆ: ನೋಂದಣಿ ಇರುವ ಒಂದೇ ಒಂದು ಗಂಡು ತನ್ನಿ. ಯೆಮೆನ್ ಜಾತಿಯ ಗಂಡಿಗೆ ಹುಟ್ಟಿದಾಗಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಮೊಟ್ಟೆಯ ತಾಪತ್ರಯ ಅಲ್ಲಿಗೇ ಹೋಯಿತು.

ಮನೆಯಲ್ಲಿ ಈಗಾಗಲೇ ನಮ್ಮ ಬೇಲಿಯ ಊಸರವಳ್ಳಿ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಒಪ್ಪಿಸಿ. ಇಂಥ ಪ್ರಾಣಿ ಕೈಗೆ ಬಂದ 48 ಗಂಟೆಯೊಳಗೆ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಎಲ್ಲಿ ಸಿಕ್ಕಿತ್ತು ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಿ. ಕೆಲವರು ತಾವೇ ಕಾರಿನಲ್ಲಿಟ್ಟುಕೊಂಡು ಕಪ್ಪತಗುಡ್ಡಕ್ಕೆ ಹೋಗಿ ಬಿಟ್ಟು ಬರುತ್ತಾರೆ. ಅದು 2019ರಿಂದ ವನ್ಯಜೀವಿ ಧಾಮ, ಅಲ್ಲಿ ಸುಖವಾಗಿರುತ್ತದೆ ಅನ್ನುವ ಲೆಕ್ಕ ಅವರದ್ದು. ಆದರೆ ಹಾವೇರಿಯ ಹೊಲದಲ್ಲಿ ಸಿಕ್ಕದ್ದಕ್ಕೆ ಗದಗದ ಗುಡ್ಡದಲ್ಲಿ ಯಾವ ಗಿಡದಲ್ಲಿ ಹುಳ, ಯಾವ ಕೊಂಬೆಯಲ್ಲಿ ನೆರಳು ಅಂತ ಗೊತ್ತಿರುವುದಿಲ್ಲ. ಮೈಗೆ ರೋಗ ಅಂಟಿದ್ದರೆ ಅದೂ ಜೊತೆಗೆ ಹೋಗುತ್ತದೆ. ಇಲಾಖೆಯವರು ನೋಡಿ, ಸಿಕ್ಕ ಜಾಗದ ಹತ್ತಿರವೇ ಬಿಡಲಿ.